ಶರಣಾರ್ಥಿ ಎಂಬ ಮಾತು : ಬೈಲಕುಪ್ಪೆಯ ನೆಲದಲ್ಲಿ ಒಂದು ಆಶ್ರಯದ ಕಥೆ

ಸದ್ಭಕ್ತರೇ, ಶರಣು ಶರಣಾರ್ಥಿಗಳು.

ನಾವು ಒಬ್ಬರನ್ನೊಬ್ಬರು ಕಂಡಾಗ ಕೈಮುಗಿದು ಆಡುವ ಈ ಮಾತನ್ನು ಉತ್ತರ ಭಾರತದ ವೃತ್ತಪತ್ರಿಕೆಯೊಂದರಲ್ಲಿ ಓದಿದರೆ ನಮಗೆ ಕ್ಷಣಕಾಲ ಬೆರಗಾಗುತ್ತದೆ. ಹಿಂದಿಯಲ್ಲಿಯೂ ಬಂಗಾಳಿಯಲ್ಲಿಯೂ ‘ಶರಣಾರ್ಥಿ’ ಎಂದರೆ ಮನೆಮಾರು ತೊರೆದು, ಪ್ರಾಣ ಉಳಿಸಿಕೊಳ್ಳಲು ಪರದೇಶಕ್ಕೆ ಓಡಿಬಂದವನು. ಕನ್ನಡದಲ್ಲಿ ಅಂಥವನನ್ನು ನಾವು ‘ನಿರಾಶ್ರಿತ’ ಎನ್ನುತ್ತೇವೆ. ಎರಡೂ ಸಂಸ್ಕೃತ ಮೂಲದ ಪದಗಳೇ. ಆದರೆ ನೋಟ ಬೇರೆ. ‘ನಿರಾಶ್ರಿತ’ ಎಂಬುದು ಅವನಿಗೆ ಇಲ್ಲದುದನ್ನು ಹೇಳುತ್ತದೆ. ‘ಶರಣಾರ್ಥಿ’ ಎಂಬುದು ಅವನು ಬೇಡುತ್ತಿರುವುದನ್ನು ಹೇಳುತ್ತದೆ. ಮೊದಲನೆಯದನ್ನು ಕೇಳಿದವನು ಮರುಕಪಟ್ಟು ಸುಮ್ಮನಿರಬಹುದು. ಎರಡನೆಯದನ್ನು ಕೇಳಿದವನು ಏನಾದರೊಂದು ಉತ್ತರ ಕೊಡಲೇಬೇಕು.

ಕಳೆದ ಬಾರಿ ಭಕ್ತರ ತಂಡವೊಂದು ಮಡಿಕೇರಿಯ ಕಡೆಗೆ ಪ್ರವಾಸ ಹೋಗಿ ಬರುವಾಗ ಬೈಲಕುಪ್ಪೆಯ ಸ್ವರ್ಣಮಂದಿರವನ್ನು ನೋಡಿಕೊಂಡು ಬಂದಿತು. ಅವರಲ್ಲೊಬ್ಬ ಹಿರಿಯರು ಮಠಕ್ಕೆ ಬಂದಾಗ, ‘ಈ ಜನ ಇಲ್ಲಿಗೆ ಹೇಗೆ ಬಂದರು? ಬಂದ ಮೊದಲ ದಿನ ಎಲ್ಲಿ ಮಲಗಿದರು? ಏನು ಉಂಡರು? ಕೈಯಲ್ಲಿ ಕಾಸಾದರೂ ಇತ್ತೆ?’ ಎಂದು ಕೇಳಿದರು. ಬಂಗಾರದ ಬಣ್ಣದ ಮೂರ್ತಿಗಳನ್ನು ಕಂಡುಬಂದ ಅನೇಕರು ಕೇಳದೆ ಬಿಟ್ಟ ಪ್ರಶ್ನೆ ಇದು. ಈ ಲೇಖನವು ಆ ಹಿರಿಯರ ಪ್ರಶ್ನೆಗೆ ಯಥಾಶಕ್ತಿ ಉತ್ತರಿಸುವ ಒಂದು ಪ್ರಯತ್ನ.

ಗಡಿ ದಾಟಿದ ದಿನಗಳು

1959ರ ಮಾರ್ಚ್ 10ರಂದು ಟಿಬೆಟ್ಟಿನ ರಾಜಧಾನಿ ಲ್ಹಾಸಾದಲ್ಲಿ ಚೀನದ ಆಳ್ವಿಕೆಯ ವಿರುದ್ಧ ಜನ ದಂಗೆಯೆದ್ದರು. ಮಾರ್ಚ್ 17ರ ರಾತ್ರಿ ಇಪ್ಪತ್ತಮೂರು ವರ್ಷ ವಯಸ್ಸಿನ ದಲೈ ಲಾಮಾ ಅವರು ಸೈನಿಕನ ವೇಷದಲ್ಲಿ ನೋರ್ಬುಲಿಂಕಾ ಅರಮನೆಯಿಂದ ಹೊರಬಿದ್ದರು. ಎರಡು ವಾರಗಳ ಕಾಲ ಹಿಮದ ಕಣಿವೆಗಳನ್ನು ದಾಟಿ ಮಾರ್ಚ್ 31ರಂದು ಭಾರತದ ಗಡಿಯನ್ನು ತಲುಪಿದರು. ಅಲ್ಲಿಂದ ತವಾಂಗ್, ಬೊಮ್ದಿಲಾಗಳ ಮಾರ್ಗವಾಗಿ ಏಪ್ರಿಲ್ 18ರಂದು ಅಸ್ಸಾಮಿನ ತೇಜ್‌ಪುರಕ್ಕೆ ಬಂದರು. ಏಪ್ರಿಲ್ 24ರಂದು ಮಸ್ಸೂರಿಯಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಅವರನ್ನು ಭೇಟಿಯಾದರು.

ಇದು ಇತಿಹಾಸದ ಪುಟಗಳಲ್ಲಿ ಎಲ್ಲರಿಗೂ ಗೊತ್ತಿರುವ ಭಾಗ. ನಮಗೆ ಮುಖ್ಯವಾದುದು ಅವರ ಹಿಂದೆ ಬಂದವರ ಕಥೆ. ರೈತರು, ದನಗಾಹಿಗಳು, ಸಣ್ಣ ವ್ಯಾಪಾರಿಗಳು, ಸನ್ಯಾಸಿಗಳು, ಬೆನ್ನಿಗೆ ಕೂಸು ಕಟ್ಟಿಕೊಂಡ ತಾಯಂದಿರು ಭೂತಾನ, ಸಿಕ್ಕಿಂ, ನೇಪಾಳ ಮತ್ತು ಈಶಾನ್ಯ ಗಡಿಯ ಕಣಿವೆಗಳ ಮೂಲಕ ನಡೆದೇ ಬಂದರು. ಜೂನ್ ತಿಂಗಳ ಕೊನೆಯ ವೇಳೆಗೆ ಬಂದವರ ಸಂಖ್ಯೆ ಇಪ್ಪತ್ತು ಸಾವಿರದ ಸಮೀಪವಿತ್ತು. ಮುಂದಿನ ಕಾಲದಲ್ಲಿ ಒಟ್ಟು ಸುಮಾರು 80,000 ಜನ ಹೀಗೆ ಬಂದರೆಂದು ಸಾಮಾನ್ಯವಾಗಿ ಲೆಕ್ಕ ಹೇಳಲಾಗುತ್ತದೆ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ನಿರಾಶ್ರಿತರನ್ನು ಕುರಿತ 1951ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ ಸಹಿ ಮಾಡಿರಲಿಲ್ಲ, ಇಂದಿಗೂ ಮಾಡಿಲ್ಲ. ಆಶ್ರಯ ಬೇಡಿ ಬಂದವನಿಗೆ ಇಂತಿಷ್ಟು ಕೊಡಬೇಕು ಎಂದು ವಿಧಿಸುವ ಕಾನೂನು ನಮ್ಮಲ್ಲಿ ಇರಲಿಲ್ಲ. ಕಾನೂನಿನ ಕಣ್ಣಿನಲ್ಲಿ ಅವರು ‘ವಿದೇಶೀಯರು’ ಅಷ್ಟೆ. ಆದುದರಿಂದ ಮುಂದೆ ನಡೆದುದೆಲ್ಲವೂ ಸರ್ಕಾರದ ಒಂದು ತೀರ್ಮಾನದಿಂದ, ಅಧಿಕಾರಿಗಳ ಟಿಪ್ಪಣಿಗಳಿಂದ ಮತ್ತು ಅನೇಕರ ಮಾನವೀಯತೆಯಿಂದ ನಡೆಯಿತು. ಇದರ ಶ್ರೇಷ್ಠತೆಯೂ ಇದೇ, ದೌರ್ಬಲ್ಯವೂ ಇದೇ.

ಮೊದಲ ಸೂರು : ಬಿದಿರಿನ ಗುಡಿಸಲು

ತೇಜ್‌ಪುರದ ಬಳಿ ಮಿಸ್ಸಾಮಾರಿ ಎಂಬಲ್ಲಿ ಬಿದಿರಿನ ಗುಡಿಸಲುಗಳ ಶಿಬಿರವೊಂದನ್ನು ಅವಸರವಸರವಾಗಿ ಕಟ್ಟಲಾಯಿತು. ಬಂದವರ ಹೆಸರು ಬರೆದುಕೊಂಡು, ಬಟ್ಟೆ, ಅಕ್ಕಿ, ಬೇಳೆ, ಔಷಧಿಗಳನ್ನು ಹಂಚಲಾಯಿತು. ಅಖಿಲ ಭಾರತ ಮಟ್ಟದಲ್ಲಿ ಆಚಾರ್ಯ ಜೆ. ಬಿ. ಕೃಪಲಾನಿಯವರ ಅಧ್ಯಕ್ಷತೆಯಲ್ಲಿ ಟಿಬೆಟಿಯನ್ನರ ಕೇಂದ್ರ ಪರಿಹಾರ ಸಮಿತಿ ರಚನೆಯಾಗಿ, ಒಳನಾಡಿನಿಂದಲೂ ಹೊರನಾಡಿನಿಂದಲೂ ಬಂದ ನೆರವನ್ನು ತಲುಪಿಸುವ ಕೆಲಸ ಕೈಗೊಂಡಿತು.

ಕೊಟ್ಟವರ ಮನಸ್ಸು ದೊಡ್ಡದಿತ್ತು. ಆದರೂ ಆ ಶಿಬಿರದಲ್ಲಿ ಜನ ಸತ್ತರು. ಹತ್ತು ಹನ್ನೆರಡು ಸಾವಿರ ಅಡಿ ಎತ್ತರದ ತಂಪಿನಲ್ಲಿ ಬದುಕಿದವರು ಬ್ರಹ್ಮಪುತ್ರದ ಬಯಲಿನ ಬೇಸಗೆಗೂ ಮುಂಗಾರಿಗೂ ಒಮ್ಮೆಲೇ ಬಂದು ಬಿದ್ದರು. ಮೈಮೇಲೆ ಇದ್ದುದು ಉಣ್ಣೆಯ ದಪ್ಪ ನಿಲುವಂಗಿ. ರೂಢಿಯಾಗಿದ್ದುದು ಹುರಿದ ಬಾರ್ಲಿಯ ಹಿಟ್ಟು ಮತ್ತು ಬೆಣ್ಣೆ ಬೆರೆಸಿದ ಚಹಾ. ಸಿಕ್ಕಿದ್ದು ಅನ್ನ ಮತ್ತು ಬೇಳೆ. ಅತಿಸಾರ, ಕ್ಷಯ ಮುಂತಾದ ರೋಗಗಳು ಹಬ್ಬಿದವು. ಹಿಮದಲ್ಲಿ ಸಾಯದೆ ಬಂದವರನ್ನು ಸೆಕೆ ಕೊಂದಿತು. ಉಣಿಸುವವನು ಉಣ್ಣುವವನ ಮೈಗುಣವನ್ನು ಅರಿಯದಿದ್ದರೆ ಅನ್ನವೂ ಸಾಲದು ಎಂಬ ಕಹಿ ಪಾಠ ಇದು. ಇದಕ್ಕೆ ಯಾರನ್ನೂ ದೂಷಿಸುವಂತಿಲ್ಲ. ಆದರೆ ಮರೆಯುವಂತೆಯೂ ಇಲ್ಲ.

ಸುಮಾರು 1,500 ಸನ್ಯಾಸಿಗಳನ್ನು ಪಶ್ಚಿಮ ಬಂಗಾಳದ ಬಕ್ಸಾದುವಾರಕ್ಕೆ ಕಳುಹಿಸಲಾಯಿತು. ಬ್ರಿಟಿಷರು ನಮ್ಮ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಟ್ಟಿದ್ದ ಸೆರೆಮನೆ ಅದು. ಅಲ್ಲಿಯೇ ಅವರು ತಮ್ಮ ಶಾಸ್ತ್ರಾಧ್ಯಯನವನ್ನು ಮುಂದುವರಿಸಿದರು. ಇಕ್ಕಟ್ಟಿನಿಂದಾಗಿ ಅಲ್ಲಿಯೂ ಕ್ಷಯ ಬೆನ್ನುಬಿಡಲಿಲ್ಲ.

ಕೈಗೆ ಕೂಲಿ : ಬೆಟ್ಟದ ರಸ್ತೆಗಳು

ಬಯಲಿನ ಸೆಕೆಯಿಂದ ಜನರನ್ನು ತಪ್ಪಿಸಬೇಕು. ಜೊತೆಗೆ ಅವರ ಕೈಗೆ ನಾಲ್ಕು ಕಾಸು ಸಿಗುವಂತಾಗಬೇಕು. ಈ ಎರಡು ಅಗತ್ಯಗಳಿಗೆ ಸರ್ಕಾರ ಕಂಡುಕೊಂಡ ದಾರಿಯೇ ರಸ್ತೆ ಕೆಲಸ. ಕುಲ್ಲು, ಮನಾಲಿ, ಚಂಬಾ, ಸಿಕ್ಕಿಂ ಮುಂತಾದ ತಂಪು ಬೆಟ್ಟಗಳಲ್ಲಿ ಆಗ ಗಡಿಯ ಕಡೆಗೆ ರಸ್ತೆಗಳನ್ನು ಕಡಿಯಲಾಗುತ್ತಿತ್ತು. ಸಾವಿರಾರು ಟಿಬೆಟಿಯನ್ನರು, ಗಂಡಸರು ಹೆಂಗಸರೆನ್ನದೆ, ಅಲ್ಲಿ ಕಲ್ಲು ಒಡೆದರು. ನಿನ್ನೆಯವರೆಗೆ ಊರಿನ ಗಣ್ಯನಾಗಿದ್ದವನೂ ಅವನ ಹೊಲದ ಆಳೂ ಒಂದೇ ಸಾಲಿನಲ್ಲಿ ಕುಳಿತು ಸುತ್ತಿಗೆ ಹಿಡಿದರು.

ಕೂಲಿ ಬಂತು, ಗುಡಾರ ಸಿಕ್ಕಿತು. ಆದರೆ ರಸ್ತೆ ಮುಂದೆ ಸಾಗಿದಂತೆ ಗುಡಾರವೂ ಸಾಗಬೇಕು. ಬಂಡೆ ಸಿಡಿಸುವ ಸ್ಥಳದಲ್ಲಿ ಭೂಕುಸಿತದ ಭಯ. ಮಕ್ಕಳನ್ನು ನೋಡಿಕೊಳ್ಳುವವರಿಲ್ಲ, ಶಾಲೆಯಿಲ್ಲ. 1960ರ ಮೇ 17ರಂದು ಜಮ್ಮುವಿನ ಕಡೆಯ ರಸ್ತೆ ಶಿಬಿರಗಳಿಂದ 51 ಮಕ್ಕಳನ್ನು ಧರ್ಮಶಾಲೆಗೆ ಕರೆತರಲಾಯಿತು. ರೋಗ ಮತ್ತು ಹಸಿವಿನಿಂದ ಸೊರಗಿದ್ದ ಆ ಮಕ್ಕಳಿಗಾಗಿ ದಲೈ ಲಾಮಾ ಅವರ ಹಿರಿಯ ಸೋದರಿ ತ್ಸೆರಿಂಗ್ ಡೊಲ್ಮಾ ಅವರು ಶಿಶುಧಾಮವನ್ನು ಆರಂಭಿಸಿದರು. ಟಿಬೆಟಿಯನ್ ಮಕ್ಕಳ ಗ್ರಾಮವೆಂದು ಇಂದು ಪ್ರಸಿದ್ಧವಾಗಿರುವ ಸಂಸ್ಥೆಯ ಬೀಜ ಅದೇ.

ಹಣದ ವಿಷಯದಲ್ಲಿಯೂ ಒಂದು ಪಾಠವಿದೆ. ದಲೈ ಲಾಮಾ ಅವರ ಭಂಡಾರದ ಚಿನ್ನ ಬೆಳ್ಳಿಯ ಒಂದು ಭಾಗವನ್ನು 1950ರಲ್ಲಿಯೇ ಮುಂಜಾಗ್ರತೆಯಾಗಿ ಸಿಕ್ಕಿಂಗೆ ಸಾಗಿಸಿ ಇಡಲಾಗಿತ್ತು. ಅದನ್ನು ಮಾರಿ ಬಂದ ಹಣವನ್ನು ಉದ್ದಿಮೆಗಳಲ್ಲಿ ತೊಡಗಿಸಿದಾಗ, ವ್ಯವಹಾರ ಬಲ್ಲೆವೆಂದು ಮುಂದೆ ಬಂದವರನ್ನು ನಂಬಿ, ಬಹುಪಾಲು ಕಳೆದುಹೋಯಿತು. ಹೊಸ ದೇಶಕ್ಕೆ ಬಂದವನಿಗೆ ಹಣವೊಂದಿದ್ದರೆ ಸಾಲದು. ನಂಬತಕ್ಕವರು ಯಾರು ಎಂಬ ಅರಿವೂ ಬೇಕು. ಆ ಅರಿವು ಬರುವುದಕ್ಕೆ ಮುಂಚೆಯೇ ಹಣ ಕರಗಿ ಹೋಗುವುದು ಎಲ್ಲ ಕಾಲದ ನಿರಾಶ್ರಿತರ ಅನುಭವ.

ಮೈಸೂರು ರಾಜ್ಯದ ಉತ್ತರ

ಶಿಬಿರವೂ ರಸ್ತೆಯೂ ಬದುಕಲ್ಲ. ಜನ ಒಂದು ಕಡೆ ನೆಲೆಯೂರಬೇಕಾದರೆ ಭೂಮಿ ಬೇಕು. ಜಮೀನು ನೀಡುವಿರಾ ಎಂದು ನೆಹರೂ ಅವರು ರಾಜ್ಯ ಸರ್ಕಾರಗಳನ್ನು ಕೇಳಿದರು. ಮೊದಲು ‘ಬರಲಿ’ ಎಂದ ರಾಜ್ಯ ನಮ್ಮದು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ, ಕಾವೇರಿಯ ಈಚೆ ದಡದಲ್ಲಿ, ಸುಮಾರು 3,000 ಎಕರೆ ಅರಣ್ಯಭೂಮಿಯನ್ನು ಮೈಸೂರು ಸರ್ಕಾರ ಗುತ್ತಿಗೆಯ ಮೇಲೆ ಕೊಟ್ಟಿತು.

ಈ ಸಂದರ್ಭದಲ್ಲಿ ಜನಮನದಲ್ಲಿ ಅಚ್ಚಳಿಯದೆ ಉಳಿದಿರುವ ಹೆಸರು ಎಸ್. ನಿಜಲಿಂಗಪ್ಪನವರದು. ದಲೈ ಲಾಮಾ ಅವರೂ ಅವರನ್ನು ಹಲವು ಬಾರಿ ಕೃತಜ್ಞತೆಯಿಂದ ನೆನೆದಿದ್ದಾರೆ. ಆದರೆ ಇತಿಹಾಸವನ್ನು ಓದುವವರು ಕಾಲಾನುಕ್ರಮವನ್ನು ಬಿಡಬಾರದು. 1958ರ ಮೇ ತಿಂಗಳಿಂದ 1962ರ ಮಾರ್ಚ್‌ವರೆಗೆ ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು ಬಿ. ಡಿ. ಜತ್ತಿಯವರು. ಬೈಲಕುಪ್ಪೆಗೆ ಮೊದಲ ತಂಡ ಬಂದುದು ಅವರ ಅವಧಿಯಲ್ಲಿ. ನಿಜಲಿಂಗಪ್ಪನವರು 1962ರಲ್ಲಿ ಮತ್ತೆ ಅಧಿಕಾರಕ್ಕೆ ಬಂದು 1968ರವರೆಗೆ ಇದ್ದರು. ನೆಲೆ ಬೇರೂರಿದ್ದೂ, 1966ರಲ್ಲಿ ಮುಂಡಗೋಡದಲ್ಲಿ ಎರಡನೆಯ ನೆಲೆ ಆರಂಭವಾದದ್ದೂ ಅವರ ಕಾಲದಲ್ಲಿ. ಒಬ್ಬರ ಕೀರ್ತಿಯನ್ನು ಕಡಿಮೆ ಮಾಡಲು ಈ ಮಾತನ್ನು ಹೇಳುತ್ತಿಲ್ಲ. ಒಳ್ಳೆಯ ಕೆಲಸವೊಂದು ಒಬ್ಬ ಮುಖ್ಯಮಂತ್ರಿಯಿಂದ ಮತ್ತೊಬ್ಬರ ಕೈಗೆ ಮುರಿಯದೆ ದಾಟಿತೆಂಬುದು ಕೀರ್ತಿಗಿಂತ ದೊಡ್ಡ ಸಂಗತಿ. ಅಧಿಕಾರಿ ಬದಲಾದೊಡನೆ ಕಡತ ಮೂಲೆ ಸೇರುವುದನ್ನು ಕಂಡಿರುವ ನಮಗೆ ಇದರ ಬೆಲೆ ಗೊತ್ತಾಗಬೇಕು.

ಕಾಡಿನಲ್ಲಿ ಮೊದಲ ಚಳಿಗಾಲ

1960ರ ಡಿಸೆಂಬರಿನಲ್ಲಿ 666 ಜನರ ಮೊದಲ ತಂಡ ಬೈಲಕುಪ್ಪೆಗೆ ಬಂದಿತು. ಅವರಿಗೆ ಕಂಡದ್ದು ಊರಲ್ಲ, ಕಾಡು. ಗುಡಾರಗಳಲ್ಲಿಯೂ ಬಿದಿರಿನ ತಟ್ಟಿಯ ಗುಡಿಸಲುಗಳಲ್ಲಿಯೂ ವಾಸ. ಹಗಲೆಲ್ಲಾ ಮರ ಕಡಿಯುವುದು, ಬೇರು ಕೀಳುವುದು, ಪೊದೆಗೆ ಬೆಂಕಿ ಹಾಕುವುದು. ಬೂದಿ, ಹೊಗೆ, ಬಿಸಿಲು. ರಾತ್ರಿ ಕಾಡಾನೆಗಳ ಹಾವಳಿ. ಟಿಬೆಟ್ಟಿನ ಬೋಳು ಪ್ರಸ್ಥಭೂಮಿಯಲ್ಲಿ ಬೆಳೆದವರು ಆನೆಯನ್ನು ಕಂಡಿದ್ದುದು ಮಂದಿರದ ಗೋಡೆಯ ಚಿತ್ರದಲ್ಲಿ ಮಾತ್ರ. ಅಂದಿನ ದಿನಗಳಲ್ಲಿ ಇಲ್ಲಿಗೆ ಬಂದ ದಲೈ ಲಾಮಾ ಅವರು ಸೊರಗಿ ಕಪ್ಪಾಗಿದ್ದ ತಮ್ಮ ಜನರನ್ನು ಕಂಡು ಮರುಗಿದುದನ್ನೂ, ಧೈರ್ಯ ಹೇಳಿದುದನ್ನೂ ತಮ್ಮ ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ.

ಇಲ್ಲಿ ನೆರವಿನ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕಾಡು ಕಡಿಯುವ ಅವಧಿಯಲ್ಲಿ ಅವರಿಗೆ ಪಡಿತರವನ್ನೂ ದಿನಗೂಲಿಯನ್ನೂ ಕೊಡಲಾಯಿತು. ನೆಲ ಹದವಾದ ಮೇಲೆ ತಲೆಗೆ ಒಂದು ಎಕರೆಯಂತೆ ಹಂಚಲಾಯಿತು. ವಾಸಕ್ಕೆ ಹೆಂಚಿನ ಮನೆಗಳು ಬಂದವು. ಬೀಜ, ಗೊಬ್ಬರ, ಟ್ರ್ಯಾಕ್ಟರು, ಮಾರಾಟ ಇವುಗಳಿಗಾಗಿ ಸಹಕಾರ ಸಂಘ ಕಟ್ಟಲಾಯಿತು. ಸ್ವಿಟ್ಜರ್ಲೆಂಡ್ ಮುಂತಾದ ದೇಶಗಳ ನೆರವು ಸಂಸ್ಥೆಗಳು ಕೈಜೋಡಿಸಿದವು. ಅಂದರೆ ಹಸಿದವನಿಗೆ ಮೊದಲು ಅನ್ನ, ಆಮೇಲೆ ಕೂಲಿ, ಆಮೇಲೆ ನೆಲ, ಆಮೇಲೆ ಸಂಘ. ಒಂದು ಮೆಟ್ಟಿಲನ್ನು ಬಿಟ್ಟು ಇನ್ನೊಂದಕ್ಕೆ ಹಾರಲಿಲ್ಲ. ಮಿಸ್ಸಾಮಾರಿಯಲ್ಲಿ ಅನ್ನವಷ್ಟೇ ಇತ್ತು. ಬೆಟ್ಟದ ರಸ್ತೆಯಲ್ಲಿ ಕೂಲಿಯಷ್ಟೇ ಇತ್ತು. ಬೈಲಕುಪ್ಪೆಯಲ್ಲಿ ಮೆಟ್ಟಿಲುಗಳೆಲ್ಲವೂ ಸಾಲಾಗಿ ಕೂಡಿಬಂದವು.

ಮತ್ತೊಂದು ವಿವೇಕವೂ ಇದರಲ್ಲಿತ್ತು. ಸಾವಿರಾರು ಜನರನ್ನು ಒಂದೆಡೆ ನೆಲೆಗೊಳಿಸಿದುದರಿಂದ ಅವರ ಭಾಷೆ, ಶಾಲೆ, ಗುರುಪರಂಪರೆ ಉಳಿದವು. ಚದುರಿಸಿದ್ದರೆ ಎರಡು ತಲೆಮಾರಿನಲ್ಲಿ ಎಲ್ಲವೂ ಅಳಿಸಿಹೋಗುತ್ತಿತ್ತು. 1963ರಲ್ಲಿ ಪೆನೋರ್ ರಿಂಪೋಚೆಯವರು ಬಿದಿರಿನ ಆಸರೆಯಲ್ಲಿ ಆರಂಭಿಸಿದ ನಾಮ್‌ಡ್ರೋಲಿಂಗ್ ಮಠವೇ ಇಂದು ಪ್ರವಾಸಿಗರು ಕಾಣುವ ಸ್ವರ್ಣಮಂದಿರದ ಮೂಲ. ಬಕ್ಸಾದ ಸೆರೆಮನೆಯಿಂದ ಬಂದ ಸನ್ಯಾಸಿಗಳು 1970ರ ಸುಮಾರಿಗೆ ಬೈಲಕುಪ್ಪೆಯಲ್ಲಿ ಸೆರಾ ಮಠವನ್ನೂ, ಮುಂಡಗೋಡದಲ್ಲಿ ಡ್ರೆಪುಂಗ್ ಮತ್ತು ಗಾಂದೆನ್ ಮಠಗಳನ್ನೂ ಮರಳಿ ಕಟ್ಟಿದರು.

ಮುಂಡಗೋಡಕ್ಕೆ ಸುಮಾರು 4,000 ಎಕರೆ ದೊರೆಯಿತು. 1969ರಲ್ಲಿ ಬೈಲಕುಪ್ಪೆಯಲ್ಲಿಯೇ ಎರಡನೆಯ ನೆಲೆ, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರ, ಅನಂತರ ಆಗಿನ ಕೊಳ್ಳೇಗಾಲ ತಾಲ್ಲೂಕಿನ ಒಡೆಯರಪಾಳ್ಯ, ಹೀಗೆ ಐದು ನೆಲೆಗಳು ಕರ್ನಾಟಕದಲ್ಲಿ ಆದವು.

ಕೊಟ್ಟವರಿಗೆ ಮರಳಿ ಬಂದುದು

ಟಿಬೆಟಿಯನ್ನರ ಪುನರ್ವಸತಿಗೆ ನೆರವಾಗಲೆಂದು 1968ರಲ್ಲಿ ಬೆಂಗಳೂರಿನಲ್ಲಿ ‘ಮೈರಾಡ’ ಎಂಬ ಸಂಸ್ಥೆ ಹುಟ್ಟಿತು. ಆ ಕೆಲಸ ಮುಗಿಯುತ್ತ ಬಂದಂತೆ ಸಂಸ್ಥೆ ತನ್ನ ಗಮನವನ್ನು ನಮ್ಮ ಹಳ್ಳಿಗಳ ಬಡವರ ಕಡೆಗೆ ತಿರುಗಿಸಿತು. 1980ರ ದಶಕದಲ್ಲಿ, ಹತ್ತು ಹದಿನೈದು ಬಡವರು ಒಟ್ಟಾಗಿ ಉಳಿತಾಯ ಮಾಡಿ ತಮ್ಮಲ್ಲೇ ಸಾಲ ಕೊಟ್ಟುಕೊಳ್ಳುವ ಸಣ್ಣ ಸಂಘಗಳನ್ನು ಅದು ಬೆಳೆಸಿತು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿಗಳ ಅನುದಾನ ನೀಡಿತು. ಇಂದು ನಮ್ಮ ಅಕ್ಕತಂಗಿಯರು ಪ್ರತಿ ಊರಿನಲ್ಲಿ ನಡೆಸುತ್ತಿರುವ ಸ್ವಸಹಾಯ ಸಂಘಗಳ ಹಿಂದಿನ ಮುಖ್ಯ ಪ್ರಯೋಗಗಳಲ್ಲಿ ಇದೂ ಒಂದು. ದೂರದ ನಾಡಿನಿಂದ ಬಂದವರಿಗಾಗಿ ತೆರೆದ ಬಾಗಿಲು ಕೊನೆಗೆ ನಮ್ಮ ಮನೆಯ ಹೆಣ್ಣುಮಕ್ಕಳಿಗೂ ಬಾಗಿಲಾಯಿತು.

ಹಾಗೆಂದು ಎಲ್ಲವೂ ಸುಗಮವಾಗಿತ್ತೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ನಮ್ಮ ಊರಿನಲ್ಲಿ ತುಂಡು ನೆಲವಿಲ್ಲದ ಕೂಲಿಯವನು, ‘ಹೊರಗಿನವರಿಗೆ ಎಕರೆಗಟ್ಟಲೆ ಕೊಟ್ಟ ಸರ್ಕಾರ ನನಗೇಕೆ ಕೊಡಲಿಲ್ಲ?’ ಎಂದು ಕೇಳಿದರೆ ಆ ಪ್ರಶ್ನೆಯಲ್ಲಿ ದ್ವೇಷವಿದೆ ಎನ್ನಲಾಗದು, ನ್ಯಾಯವಿದೆ. ಅದಕ್ಕೆ ಉತ್ತರ, ಬಂದವರಿಂದ ಕಿತ್ತುಕೊಳ್ಳುವುದಲ್ಲ; ಇದ್ದವನಿಗೂ ಕೊಡುವುದು. ಒಬ್ಬ ಬಡವನ ತಟ್ಟೆಯನ್ನು ತೋರಿಸಿ ಇನ್ನೊಬ್ಬ ಬಡವನನ್ನು ಕೆರಳಿಸುವುದು ಯಾವ ಕಾಲಕ್ಕೂ ಧರ್ಮವಾಗಲಾರದು. ತಲೆಗೆ ಒಂದು ಎಕರೆಯಂತೆ ಸಿಕ್ಕ ನೆಲ ಹೆಚ್ಚಿದ ಕುಟುಂಬಕ್ಕೆ ಸಾಲದೆ, ಅವರಲ್ಲಿ ಅನೇಕರು ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರು ಮಾರಿದರೆಂಬುದನ್ನೂ ನೆನೆಯಬೇಕು. ನಮ್ಮ ಪಟ್ಟಣಗಳ ಬೀದಿಬದಿಯಲ್ಲಿ ಅವರನ್ನು ಕಾಣದವರು ವಿರಳ.

ತಾತ್ಕಾಲಿಕವೆಂಬುದರ ಆಯುಷ್ಯ

ಹೊಸದಾಗಿ ಬರುವವರಿಗೆ ಕ್ರಮೇಣ ಒಂದು ವ್ಯವಸ್ಥೆ ರೂಪುಗೊಂಡಿತು. ಹಿಮದ ಕಣಿವೆಗಳನ್ನು ದಾಟಿ ನೇಪಾಳಕ್ಕೆ ಬಂದವರಿಗೆ ಕಠ್ಮಂಡುವಿನಲ್ಲಿ, ಆಮೇಲೆ ದೆಹಲಿ ಮತ್ತು ಧರ್ಮಶಾಲೆಗಳಲ್ಲಿ ಸ್ವಾಗತ ಕೇಂದ್ರಗಳು ಏರ್ಪಟ್ಟವು. ಮಲಗಲು ಜಾಗ, ಊಟ, ಹಿಮದಿಂದ ಕೊಳೆತ ಬೆರಳುಗಳಿಗೆ ಚಿಕಿತ್ಸೆ, ಮುಂದಿನ ಪ್ರಯಾಣದ ಖರ್ಚು, ಮಕ್ಕಳಾದರೆ ಶಾಲೆ, ಸನ್ಯಾಸಿಯಾದರೆ ಮಠ. 1959ರಲ್ಲಿ ಬಂದವರು ಪಟ್ಟ ಕಷ್ಟವೇ ಈ ಕ್ರಮಕ್ಕೆ ಗುರು. ತಾವು ಬಂದಾಗ ಇಲ್ಲದಿದ್ದುದನ್ನು ಹಿಂದೆ ಬರುವವರಿಗಾಗಿ ಅವರು ಮಾಡಿಟ್ಟರು. 2008ರವರೆಗೆ ವರ್ಷಕ್ಕೆ ಎರಡು ಮೂರು ಸಾವಿರ ಜನ ಹೀಗೆ ಬರುತ್ತಿದ್ದರು. ಆ ವರ್ಷದ ಗಲಭೆಗಳ ಅನಂತರ ಗಡಿ ಬಿಗಿಯಾಗಿ ಸಂಖ್ಯೆ ತೀರ ಇಳಿಯಿತು.

ಆದರೆ ಕಾನೂನಿನ ಆಸರೆ ಇಲ್ಲದ ಕರುಣೆಯ ಮಿತಿಯೂ ಇಲ್ಲಿ ಕಾಣುತ್ತದೆ. ಬೈಲಕುಪ್ಪೆಯ ನೆಲ ಇಂದಿಗೂ ಗುತ್ತಿಗೆಯದೇ. ಇಲ್ಲಿಯೇ ಹುಟ್ಟಿದವನೂ ತನ್ನ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ಭಾರತದ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಇಲ್ಲಿ ಹುಟ್ಟಿದವರು ಜನ್ಮತಃ ಪ್ರಜೆಗಳು. ಟಿಬೆಟಿಯನ್ನರಿಗೂ ಇದು ಅನ್ವಯಿಸುತ್ತದೆಂದು 2010ರಲ್ಲಿ ದೆಹಲಿ ಹೈಕೋರ್ಟು, 2013ರಲ್ಲಿ ಕರ್ನಾಟಕ ಹೈಕೋರ್ಟು ಹೇಳಿದವು. 2014ರಲ್ಲಿ ಕೇಂದ್ರ ಸರ್ಕಾರ ಟಿಬೆಟಿಯನ್ ಪುನರ್ವಸತಿ ನೀತಿಯನ್ನು ಪ್ರಕಟಿಸಿ, ಗುತ್ತಿಗೆ ಒಪ್ಪಂದಗಳಿಗೂ ಪಡಿತರ ಮುಂತಾದ ಸೌಲಭ್ಯಗಳಿಗೂ ಒಂದು ಮಾದರಿಯನ್ನು ರಾಜ್ಯಗಳ ಮುಂದಿಟ್ಟಿತು. ಮೊದಲ ಗುಡಾರ ಹಾಕಿದ ಐವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಬಂದ ಬರಹದ ಮಾತು ಅದು. ಅಲ್ಲಿಯವರೆಗೆ ನಡೆಸಿದ್ದು ಬಾಯಿಮಾತಿನ ವಿಶ್ವಾಸ.

2018ರ ಆಗಸ್ಟ್ 10ರಂದು ಬೆಂಗಳೂರಿನಲ್ಲಿ ಟಿಬೆಟಿಯನ್ನರು ಕರ್ನಾಟಕಕ್ಕೆ ಧನ್ಯವಾದ ಸಲ್ಲಿಸುವ ಸಮಾರಂಭವೊಂದನ್ನು ನಡೆಸಿದರು. ದಲೈ ಲಾಮಾ ಅವರೂ ಬಂದಿದ್ದರು. ಪಡೆದವರು ನೆನೆಯುವುದು ಅವರ ದೊಡ್ಡತನ. ಕೊಟ್ಟವರ ಮಕ್ಕಳಾದ ನಾವು ನೆನೆಯಬೇಕಾದುದು ಬೇರೆಯೇ ಇದೆ. ಅಂದು ನಮ್ಮ ರಾಜ್ಯ ಶ್ರೀಮಂತವಾಗಿರಲಿಲ್ಲ. ಏಕೀಕರಣವಾಗಿ ನಾಲ್ಕೇ ವರ್ಷ ಕಳೆದಿತ್ತು. ದೇಶದಲ್ಲಿ ಆಹಾರದ ಕೊರತೆಯಿತ್ತು. ಕೊಡದಿರಲು ನೂರು ಕಾರಣಗಳಿದ್ದವು, ಅವೆಲ್ಲವೂ ನಿಜವಾದ ಕಾರಣಗಳೇ. ಆದರೂ ಕೊಟ್ಟರು.

ಆ ಹಿರಿಯರ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಅವರು ಮೊದಲ ದಿನ ಬಿದಿರಿನ ಕೆಳಗೆ ಮಲಗಿದರು. ರೂಢಿಯಿಲ್ಲದ ಅನ್ನ ಉಂಡರು. ಕಲ್ಲು ಒಡೆದು ಮೊದಲ ಕಾಸು ಕಂಡರು. ನಮ್ಮ ಕಾಡಿನಲ್ಲಿ ಬೂದಿ ಹೊತ್ತು ನೆಲ ಮಾಡಿಕೊಂಡರು. ಮುಂದಿನ ಬಾರಿ ಆ ಮಂದಿರಕ್ಕೆ ಹೋದವರು, ಸಾಧ್ಯವಾದರೆ, ಅಲ್ಲಿಯ ಹೊಲದ ಬದುವಿನ ಮೇಲೂ ಒಂದು ಗಳಿಗೆ ನಿಂತು ಬರಬೇಕೆಂದು ವಿನಂತಿ. ನಾಳೆ ನಮ್ಮ ಬಾಗಿಲ ಮುಂದೆ ಯಾರೋ ಗಂಟು ಹೊತ್ತು ನಿಂತಾಗ, ನಾವು ದಿನವೂ ಆಡುವ ‘ಶರಣಾರ್ಥಿ’ ಎಂಬ ಮಾತು ನಮ್ಮ ನಾಲಗೆಯಲ್ಲಿ ಮಾತ್ರ ಇದೆಯೋ, ನಡೆಯಲ್ಲಿಯೂ ಇದೆಯೋ ಎಂಬುದು ತಿಳಿಯುತ್ತದೆ.

ಶರಣು ಶರಣಾರ್ಥಿಗಳು.